ಕಟ್ಟಿಗೆ, ರಟ್ಟು, ಬಣ್ಣದಲ್ಲಿ ಒಂದು ‘ಮಾರುತ’

ಪ್ಲಾಸ್ಟಿಕ್ ಕಿಟ್ ಸಿಗಲಿಲ್ಲವೆಂದು ವಿಮಾನದ ಮಾಡೆಲ್ ಮಾಡುವ ಆಸೆಯನ್ನು ಮುಂದಕ್ಕೆ ಹಾಕಬೇಡಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನೀವು ಎಲ್ಲೇ ಇರಿ. ಬಡಿಗೇರರಿಂದ ಒಂದು ತುಂಡು ಕಟ್ಟಿಗೆ, ಬೈಂಡಿಂಗ್ ಮಾಡುವವರಿಂದ ಒಂದು ರಟ್ಟು, ಸ್ಟೇಷನರಿ ಅಂಗಡಿಯಿಂದ ನಾಲ್ಕು ಬಣ್ಣ ತಂದರೆ ಕೆಲಸ ಶುರು.

ಮಾಡೋಣ ನಮ್ಮ ನಾಡಿನದೇ ವಿಮಾನ: ಎಚ್‌ಎಫ್-24 ಮಾರುತ. ಸೊಲ್ಲಾಪುರದ ವಾಲಚಂದ್ ಹೀರಾಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯೇ ಮುಂದೆ ಎಚ್‌ಎಎಲ್ ಆಯಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಮಾರುತ ಮೊದಲು ಹಾರಿದ್ದು 1961ರಲ್ಲಿ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು, 1990ರಲ್ಲಿ ನಿವೃತ್ತಿಯಾಯಿತು.

ಹಂತ 1: ಅಳತೆ ಮಾಡಿಕೊಳ್ಳಿ. ನಿಜವಾದ ಮಾರುತ 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. ಎಲ್ಲವನ್ನೂ 72ರಿಂದ ಭಾಗಿಸಿ. ಉದ್ದ 22 ಸೆಂ.ಮೀ., ಅಗಲ 12.5 ಸೆಂ.ಮೀ., ಎತ್ತರ 5 ಸೆಂ.ಮೀ. ಬರುತ್ತದೆ. 1:72 ಸ್ಕೇಲ್ ಎಂದರೆ ಇಷ್ಟೇ. ಲೆಕ್ಕಕ್ಕೆ ಭಯಪಡಬೇಡಿ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು.

ಹಂತ 2: ನಕ್ಷೆ ಪ್ರಿಂಟ್ ಮಾಡಿಸಿ. ವಿಮಾನವನ್ನು ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ತೋರಿಸುವ ಚಿತ್ರ ಬೇಕು. ಉದ್ದ ಸರಿಯಾಗಿ 22 ಸೆಂ.ಮೀ. ಬರುವಂತೆ ಝೆರಾಕ್ಸ್ ಅಂಗಡಿಯಲ್ಲಿ ಮೂರು ಪ್ರತಿ ತೆಗೆಸಿ. ಎಚ್ಚರ: ಅಂಗಡಿ ಬಿಡುವ ಮೊದಲು ಸ್ಕೇಲ್ ಇಟ್ಟು ಅಳೆದು ನೋಡಿ.

ಹಂತ 3: ಕಟ್ಟಿಗೆ ಆರಿಸಿ. ಪೈನ್‌ನಂಥ ಮೆತ್ತನೆಯ ಕಟ್ಟಿಗೆ, 23 ಸೆಂ.ಮೀ. ಉದ್ದ, ಸುಮಾರು 3.5 ಸೆಂ.ಮೀ. ಚೌಕ. ಎಳೆಗಳು ಉದ್ದಕ್ಕೇ ಓಡಿರಲಿ. ಸಾಗವಾನಿ ಬೇಡ, ಮೊದಲ ಸಲ ಕೆತ್ತುವವರ ಕೈ ಸೋಲುತ್ತದೆ.

ಹಂತ 4: ಪಕ್ಕದ ಆಕಾರ ಕತ್ತರಿಸಿ. ಪಕ್ಕದ ನಕ್ಷೆಯನ್ನು, ಬಾಲದ ರೆಕ್ಕೆ ಬಿಟ್ಟು, ಕಟ್ಟಿಗೆಗೆ ಅಂಟಿಸಿ. ಗೆರೆಯ ಹೊರಗೆ ಕೂದಲೆಳೆಯಷ್ಟು ಬಿಟ್ಟು ಕೊಯ್ಯಿರಿ. ಗರಗಸ ಹಿಡಿದು ರೂಢಿಯಿಲ್ಲದಿದ್ದರೆ ಬಡಿಗೇರ ಅಣ್ಣನ ಕೈಯಲ್ಲೇ ಕೊಯ್ಸಿ, ಅದರಲ್ಲಿ ಸಂಕೋಚ ಬೇಡ.

ಹಂತ 5: ಮೇಲಿನ ಆಕಾರ ಕತ್ತರಿಸಿ. ಕೊಯ್ದುಳಿದ ಚೂರುಗಳನ್ನು ಎಸೆಯಬೇಡಿ. ಟೇಪ್ ಸುತ್ತಿ ಅವನ್ನು ಮೊದಲಿನ ಜಾಗದಲ್ಲೇ ಕೂರಿಸಿದರೆ ತುಂಡು ಮತ್ತೆ ಚೌಕವಾಗುತ್ತದೆ. ಈಗ ಮೇಲಿನ ನೋಟದ ಒಡಲನ್ನಷ್ಟೇ ಅಂಟಿಸಿ ಕೊಯ್ಯಿರಿ.

ಹಂತ 6: ದುಂಡಗೆ ಮಾಡಿ. ಚಾಕುವಿನಿಂದ ಮೂಲೆಗಳನ್ನು ತೆಳ್ಳಗೆ ಸವರುತ್ತ ಬನ್ನಿ. ಚಾಕು ಯಾವಾಗಲೂ ನಿಮ್ಮಿಂದ ದೂರ ಹೋಗಲಿ. ಆಮೇಲೆ 80, 120, 220 ನಂಬರಿನ ಪಾಲಿಶ್ ಪೇಪರ್ ಅದೇ ಕ್ರಮದಲ್ಲಿ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳು ಮಾಡುತ್ತಿದ್ದರೆ ದೊಡ್ಡವರು ಪಕ್ಕದಲ್ಲೇ ಕೂತಿರಿ.

ಹಂತ 7: ರೆಕ್ಕೆ ಕತ್ತರಿಸಿ. ಒಂದೂವರೆ ಮಿ.ಮೀ. ದಪ್ಪದ ರಟ್ಟಿನಲ್ಲಿ ಎಡ–ಬಲ ಎರಡೂ ರೆಕ್ಕೆಗಳನ್ನು ಸೇರಿಸಿ ಒಂದೇ ತುಂಡಾಗಿ ಕತ್ತರಿಸಿ. ಬೇರೆ ಬೇರೆ ಮಾಡಿ ಅಂಟಿಸಿದರೆ ಒಂದು ಮೇಲೆ, ಒಂದು ಕೆಳಗೆ ವಾಲುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಹಂತ 8: ರೆಕ್ಕೆ ಕೂರಿಸಿ. ಮಾರುತದ ರೆಕ್ಕೆ ಒಡಲಿನ ಕೆಳಭಾಗದಲ್ಲಿದೆ. ಹೊಟ್ಟೆಯಲ್ಲಿ ರಟ್ಟಿನ ದಪ್ಪದಷ್ಟೇ ಕಚ್ಚು ಮಾಡಿ, ಫೆವಿಕಾಲ್ ಹಚ್ಚಿ, ದಾರ ಸುತ್ತಿ ರಾತ್ರಿಯಿಡೀ ಬಿಡಿ. ಮುಂದಿನಿಂದ ನೋಡಿ ಎರಡೂ ತುದಿ ಸಮ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಹಂತ 9: ಬಾಲ ಸೇರಿಸಿ. ಹಿಂದೆ ಮೇಲಕ್ಕೆ ನಿಲ್ಲುವುದು ಒಂದು, ಅಡ್ಡಕ್ಕೆ ಚಾಚುವುದು ಎರಡು. ಮೂರನ್ನೂ ರಟ್ಟಿನಲ್ಲಿ ಕತ್ತರಿಸಿ, ಸಣ್ಣ ಸೀಳು ಮಾಡಿ ಅಂಟಿಸಿ.

ಹಂತ 10: ಎಂ-ಸೀಲ್ ತುಂಬಿ. ರೆಕ್ಕೆ ಕೂಡುವ ಸಂದುಗಳಿಗೆ ಒದ್ದೆ ಬೆರಳಿನಿಂದ ಒತ್ತಿ. ಪೈಲಟ್ ಕೂರುವ ಜಾಗದ ಎಡ–ಬಲಕ್ಕಿರುವ ಗಾಳಿಬಾಯಿಗಳನ್ನೂ ಇದರಲ್ಲೇ ರೂಪಿಸಿ. ಗಟ್ಟಿಯಾದ ಮೇಲೆ ಉಜ್ಜಿ.

ಹಂತ 11: ಪ್ರೈಮರ್ ಹಚ್ಚಿ. ಮೊದಲು ರಟ್ಟಿನ ಅಂಚುಗಳಿಗೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಒಣಗಿಸಿ, ಇಲ್ಲವಾದರೆ ಅಂಚು ಉಬ್ಬುತ್ತದೆ. ನಂತರ ಬಿಳಿ ಪ್ರೈಮರ್ ಬಳಿಯಿರಿ. ಒರಟು ಕಂಡಲ್ಲಿ ಮತ್ತೆ ಉಜ್ಜಿ. ಇಲ್ಲಿ ಮುಚ್ಚಿಕೊಂಡಂತೆ ಕಂಡ ಗೀರು ಬಣ್ಣದ ಮೇಲೆ ಎದ್ದು ಕಾಣುತ್ತದೆ.

ಹಂತ 12: ಹೊಟ್ಟೆಯ ಭಾಗಕ್ಕೆ ಬಣ್ಣ. ತಿಳಿ ಬೂದು ಅಕ್ರಿಲಿಕ್ ಬಣ್ಣವನ್ನು ಮಜ್ಜಿಗೆಯಷ್ಟು ತೆಳುಮಾಡಿ ಎರಡು–ಮೂರು ಸಲ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಕುಂಚದ ಗೆರೆ ಉಳಿಯುತ್ತದೆ. ಎಚ್ಚರ: ಕಬ್ಬು ನುರಿಸುವ ಹಂಗಾಮಿನಲ್ಲಿ, ರವದಿ ಸುಡುವ ದಿನಗಳಲ್ಲಿ ಹೊರಗೆ ಒಣಗಲು ಇಡಬೇಡಿ, ಕರಿಬೂದಿ ಹಸಿ ಬಣ್ಣಕ್ಕೆ ಅಂಟಿಬಿಡುತ್ತದೆ. ಒಳಗಿಟ್ಟು, ತಾಗದ ಹಾಗೆ ಬುಟ್ಟಿ ಮುಚ್ಚಿ.

ಹಂತ 13: ಮೇಲಿನ ಬಣ್ಣ. ಹಸಿರು ಮತ್ತು ಮಣ್ಣಿನ ಬಣ್ಣದ ದೊಡ್ಡ ಪಟ್ಟೆಗಳನ್ನು ಫೋಟೋ ನೋಡಿ ಪೆನ್ಸಿಲ್‌ನಲ್ಲಿ ಗುರುತಿಸಿ, ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು ತುಂಬಿ. ಗೆರೆ ತುಸು ಆಚೀಚೆಯಾದರೆ ಹೆದರಬೇಡಿ, ಒಣಗಿದ ಮೇಲೆ ತಿದ್ದಬಹುದು.

ಹಂತ 14: ವಾಯುಪಡೆಯ ಗುರುತು ಅಂಟಿಸಿ. ಸ್ಟಿಕರ್ ಪೇಪರಿನಲ್ಲಿ ಸುಮಾರು 1 ಸೆಂ.ಮೀ. ವೃತ್ತಗಳನ್ನು ಪ್ರಿಂಟ್ ಮಾಡಿಸಿ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಇದನ್ನು ತಿರುಗುಮುರುಗು ಮಾಡುವವರೇ ಹೆಚ್ಚು, ನೋಡಿ ಅಂಟಿಸಿ.

ಹಂತ 15: ನಿಲ್ಲಿಸಿ. ಹೊಟ್ಟೆಗೆ ಸಣ್ಣ ತೂತು ಕೊರೆದು, ತಂತಿಯಿಂದ ಹಲಗೆಯ ಮೇಲೆ ಏರಿಸಿ. ಹಲಗೆಯ ಮೇಲೆ ವಿಮಾನದ ಹೆಸರು, 1:72, ನಿಮ್ಮ ಹೆಸರು ಬರೆಯಿರಿ.

ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೋ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲೋ ನಿಜವಾದ ಮಾರುತವನ್ನು ಕಣ್ತುಂಬ ನೋಡಿ, ಫೋಟೋ ತೆಗೆದುಕೊಳ್ಳಿ. ಮುಂದಿನ ಮಾಡೆಲ್‌ಗೆ ಎಚ್‌ಎಎಲ್ ಕಟ್ಟಿದ ನ್ಯಾಟ್ ಆರಿಸಿಕೊಳ್ಳಿ. ಅದೇ 72ರ ಲೆಕ್ಕದಲ್ಲಿ ಅದು ಸುಮಾರು 12 ಸೆಂ.ಮೀ. ಉದ್ದ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ವಿಮಾನ ಎಷ್ಟು ದೊಡ್ಡದಿತ್ತು ಎಂದು ಶಾಲೆಯ ಮಕ್ಕಳಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.