ಮಾದಿರಾನಿನ ಒಗರು

ಎಳೆಯ ಬಾಳೆಕಾಯಿಯನ್ನು ಕಚ್ಚಿದಾಗ ಅಥವಾ ಹಸಿ ಅಡಕೆಯನ್ನು ಅಗಿದಾಗ ನಾಲಗೆಯು ಒಣಗಿ ತರಕಲಾದಂತೆ ತೋರುವುದು ನಮಗೆಲ್ಲ ತಿಳಿದ ಸಂಗತಿ. ಇದಕ್ಕೆ ನಾವು ಒಗರು ಎನ್ನುತ್ತೇವೆ. ಆಯುರ್ವೇದವು ಇದನ್ನು ಕಷಾಯವೆಂದು ಕರೆದು ಷಡ್ರಸಗಳಲ್ಲಿ ಒಂದಾಗಿ ಎಣಿಸಿದೆ. ಈ ಗುಣಕ್ಕೇ ಹೆಸರಾದ ಕೆಂಪು ದ್ರಾಕ್ಷಾಮದ್ಯವೊಂದು ಫ್ರಾನ್ಸಿನ ನೈಋತ್ಯ ಭಾಗದಲ್ಲಿ ತಯಾರಾಗುತ್ತದೆ. ಅದರ ಹೆಸರು ಮಾದಿರಾನ್. ಅಲ್ಲಿಯ ಜನರು ಅದನ್ನು ಯಾವ ಆಹಾರದೊಡನೆ ಸೇವಿಸುತ್ತಾರೆ, ಏಕೆ ಎಂಬುದನ್ನು ವಿಚಾರಿಸಿದರೆ ರಸಾಯನ ವಿಜ್ಞಾನದ ಸೊಗಸಾದ ಪಾಠವೊಂದು ದೊರೆಯುತ್ತದೆ.

ಮಾದಿರಾನ್ ಪ್ರದೇಶವು ಪಿರೆನೀಸ್ ಪರ್ವತಗಳ ಉತ್ತರಕ್ಕಿದೆ. 1948ರಲ್ಲಿ ಫ್ರೆಂಚ್ ಸರಕಾರವು ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇಲ್ಲಿಯ ಮುಖ್ಯ ದ್ರಾಕ್ಷಿ ತನ್ನಾತ್ ಎಂಬ ಕಪ್ಪುಜಾತಿ. ಇದರೊಡನೆ ಕ್ಯಾಬರ್ನೆ ಮೊದಲಾದ ತಳಿಗಳನ್ನು ಬೆರೆಸುವುದೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಗಾರರೊಡನೆ ಇದೇ ತಳಿ ದಕ್ಷಿಣ ಅಮೆರಿಕಕ್ಕೆ ಹೋಗಿ, ಉರುಗ್ವೆ ದೇಶದ ಪ್ರಧಾನ ಕೆಂಪು ದ್ರಾಕ್ಷಿಯಾಗಿ ನೆಲೆಸಿತು.

ಕಪ್ಪು ದ್ರಾಕ್ಷಿಯಾದರೂ ಅದರ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ಮದ್ಯವನ್ನು ತಯಾರಿಸುವಾಗ ರಸವನ್ನು ಸಿಪ್ಪೆಬೀಜಗಳೊಡನೆಯೇ ಹುದುಗಲು ಬಿಡುತ್ತಾರೆ. ಆಗ ಬಣ್ಣದೊಡನೆ ಟ್ಯಾನಿನ್ ಎಂಬ ದ್ರವ್ಯಗಳೂ ರಸಕ್ಕೆ ಇಳಿಯುತ್ತವೆ. ತನ್ನಾತ್ ತಳಿಯಲ್ಲಿ ಇವು ಬಹಳ ಹೆಚ್ಚು.

ಟ್ಯಾನಿನ್ನಿನ ಕೆಲಸವೇನು? ನಮ್ಮ ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಅಣುಗಳು ಇವನ್ನು ಹಿಡಿದು ಗಂಟುಕಟ್ಟಿಸುತ್ತವೆ. ಜಾರುವ ಗುಣ ಕುಗ್ಗಿ, ನಾಲಗೆ ಅಂಗುಳಿಗೆ ಉಜ್ಜಿದಂತಾಗುತ್ತದೆ. ಆದಕಾರಣ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶಾನುಭವವೆಂದು ಇಂದಿನ ವಿಜ್ಞಾನಿಗಳು ಭಾವಿಸುತ್ತಾರೆ.

ಈಗ ನಮ್ಮ ಚಹದ ಲೋಟವನ್ನು ನೋಡೋಣ. ಕಡುಚಹಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುತ್ತದೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಚಹದ ಟ್ಯಾನಿನ್ನನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಮಾದಿರಾನಿನ ನಾಡಿನ ಊಟವೂ ಇದೇ ಉಪಾಯವನ್ನು ಅನುಸರಿಸುತ್ತದೆ. ಬಾತುಕೋಳಿಯ ಮಾಂಸವನ್ನು ಅದರ ಕೊಬ್ಬಿನಲ್ಲಿಯೇ ನಿಧಾನವಾಗಿ ಬೇಯಿಸಿದ ಕೊನ್‌ಫಿ, ಬಿಳಿ ಹುರುಳಿಕಾಯಿಯ ಬೀಜವನ್ನು ಮಾಂಸದೊಡನೆ ಬೇಯಿಸಿದ ಕಸ್ಸುಲೆ, ಪಿರೆನೀಸಿನ ಕುರಿಹಾಲಿನ ಗಿಣ್ಣು ಇವು ಅದರ ಸಹಚರರು. ಇವುಗಳಲ್ಲಿರುವ ಪ್ರೋಟೀನು, ಕೊಬ್ಬುಗಳು ಟ್ಯಾನಿನ್ನಿನೊಡನೆ ಕೂಡಿ ಒಗರನ್ನು ತಗ್ಗಿಸುತ್ತವೆ. ಒಗರು ಬಾಯಿಯ ಜಿಡ್ಡನ್ನು ಕಳೆಯುತ್ತದೆ. ಮೀನಿನೊಡನೆ ಕೆಂಪು ಮದ್ಯ ಹೊಂದದಿರುವುದಕ್ಕೆ ಕಾರಣ ಬೇರೆ: ಮದ್ಯದಲ್ಲಿರುವ ಅಲ್ಪಪ್ರಮಾಣದ ಕಬ್ಬಿಣವೇ ಕಮಟು ವಾಸನೆಯನ್ನು ಹೆಚ್ಚಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು.

ಹೊಸ ಮಾದಿರಾನ್ ಬಲು ಒರಟು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ, ಸೂಕ್ಷ್ಮ ರಂಧ್ರಗಳಿಂದ ಒಳಹೋಗುವ ಆಮ್ಲಜನಕವು ಟ್ಯಾನಿನ್ನುಗಳನ್ನು ಮಾರ್ಪಡಿಸಿ ಮೃದುಗೊಳಿಸುತ್ತದೆ. ಇದನ್ನು ಗಮನಿಸಿ ಪಾತ್ರಿಕ್ ದುಕೂರ್ನೋ ಎಂಬ ಅಲ್ಲಿಯ ಬೆಳೆಗಾರನು 1990ರ ಸುಮಾರಿಗೆ, ತೊಟ್ಟಿಯಲ್ಲಿರುವ ಮದ್ಯಕ್ಕೆ ಆಮ್ಲಜನಕವನ್ನು ಸೂಕ್ಷ್ಮ ಗುಳ್ಳೆಗಳಾಗಿ ಹಾಯಿಸುವ ಕ್ರಮವನ್ನು ರೂಢಿಗೆ ತಂದನು. ಇಂದು ಅನೇಕ ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಕೊನೆಗೆ, ಆರೋಗ್ಯದ ಮಾತು. 2006ರಲ್ಲಿ ರೋಜರ್ ಕಾರ್ಡರ್ ಮತ್ತು ಸಂಗಡಿಗರು, ನೈಋತ್ಯ ಫ್ರಾನ್ಸಿನ ಹಾಗೂ ಸಾರ್ಡಿನಿಯದ ಮದ್ಯಗಳಲ್ಲಿ ಪ್ರೊಸಯನಿಡಿನ್ ಎಂಬ ಟ್ಯಾನಿನ್ ವರ್ಗ ಹೆಚ್ಚೆಂದೂ, ಅದು ರಕ್ತನಾಳದ ಜೀವಕೋಶಗಳಿಗೆ ಹಿತಕರವಾಗಿ ವರ್ತಿಸುವುದೆಂದೂ ಪ್ರಕಟಿಸಿದರು. ಇದನ್ನು ಕೇಳಿ ಮದ್ಯವೇ ಔಷಧವೆಂದು ಬಗೆಯುವುದು ತಪ್ಪು. ಪ್ರಯೋಗಶಾಲೆಯ ಜೀವಕೋಶ ಬೇರೆ, ಮನುಷ್ಯನ ದೇಹ ಬೇರೆ. ಮದ್ಯವು ಕ್ಯಾನ್ಸರ್ ರೋಗಕ್ಕೆ ಕಾರಣವೆಂಬುದು 1988ರಲ್ಲಿಯೇ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯ ನಿರ್ಣಯವಾಗಿದೆ. ಅದರ ಯಾವ ಪ್ರಮಾಣವೂ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ಪ್ರೊಸಯನಿಡಿನ್ ಸೇಬಿನಲ್ಲಿಯೂ ಕೋಕೋ ಬೀಜದಲ್ಲಿಯೂ ಇದೆ. ಒಗರಿನ ವಿಜ್ಞಾನವನ್ನು ಅರಿಯಲು ನಮಗೆ ಮದ್ಯದ ಬಟ್ಟಲು ಬೇಕಿಲ್ಲ. ಮನೆಯ ಕಡುಚಹ ಮತ್ತು ಒಂದು ಚಮಚ ಹಾಲು ಸಾಕು.