ಮಂಜಿನಲ್ಲಿ ಹಳದಿ ದೀಪ: ಎಷ್ಟು ನಿಜ, ಎಷ್ಟು ನಂಬಿಕೆ?

ನಮ್ಮ ಭಾಗದಲ್ಲಿ ಈಗ ಬೈಕುಗಳ ಹೆಡ್‌ಲೈಟ್ ಜೊತೆಗೆ ಇನ್ನೆರಡು ಪುಟ್ಟ ಎಲ್‌ಇಡಿ ದೀಪ ಹಾಕಿಸುವುದು ಸಾಮಾನ್ಯವಾಗಿದೆ. ಮೊದಲು ಬಿಳಿ ದೀಪ ಹಾಕಿಸಿದ್ದ ಹಲವರು ಅದನ್ನು ತೆಗೆಸಿ ಹಳದಿ ದೀಪ ಹಾಕಿಸುತ್ತಿದ್ದಾರೆ. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ." ಈ ಮಾತು ಎಷ್ಟು ಸರಿ ಎಂದು ನೋಡುವುದೇ ಈ ಲೇಖನದ ಉದ್ದೇಶ. ನನಗಿನ್ನೂ ಹದಿನೇಳು. ಕಾನೂನಿನ ಪ್ರಕಾರ ಗೇರ್ ಬೈಕ್ ನನ್ನ ಕೈಗೆ ಬರುವಂತಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಗಮನಿಸಿದ್ದನ್ನೂ, ವಿಜ್ಞಾನ ವಿಭಾಗದ ಗೆಳೆಯರಿಂದ ಕೇಳಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ನಂಜನಗೂಡು, ತಿ. ನರಸೀಪುರದ ರಸ್ತೆಗಳಲ್ಲಿ ಹೋದವರಿಗೆ ಮಂಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಡೆ ಕಪಿಲೆ, ಇನ್ನೊಂದು ಕಡೆ ಕಾವೇರಿ, ನಡುವೆ ನಾಲೆ ನೀರಿನ ಗದ್ದೆಗಳು. ನೆಲ ತಣ್ಣಗಾದ ಕೂಡಲೇ ಈ ತೇವವೆಲ್ಲ ಮಂಜಾಗಿ ರಸ್ತೆಯ ಮೇಲೆ ಕೂರುತ್ತದೆ.

ಹಳದಿ ದೀಪದ ಪರವಾಗಿ ಹೇಳುವ ವಾದ ಹೀಗಿದೆ: ನೀಲಿ ಬೆಳಕು ಹೆಚ್ಚು ಚದುರುತ್ತದೆ, ಅದಕ್ಕೇ ಆಕಾಶ ನೀಲಿ, ಹಳದಿ ಕಡಿಮೆ ಚದುರುತ್ತದೆ, ಆದ್ದರಿಂದ ದೂರ ಹೋಗುತ್ತದೆ. ಮೊದಲ ಭಾಗ ನಿಜ. ಆದರೆ ಆ ನಿಯಮ ಗಾಳಿಯ ಅಣುಗಳಂತಹ ಅತಿ ಸಣ್ಣ ಕಣಗಳಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರೋಮೀಟರ್. ಮಂಜಿನ ಹನಿಯಾದರೋ ಸಾಮಾನ್ಯವಾಗಿ ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸುತ್ತದೆ. ಮಂಜು ನೀಲಿಯಾಗಿ ಕಾಣದೆ ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಅಂದರೆ ಹಳದಿ ಬೆಳಕು ಮಂಜನ್ನು ಸೀಳುವುದಿಲ್ಲ.

ಹಾಗಾದರೆ ಬದಲಿಸಿದವರೆಲ್ಲ ಸುಮ್ಮನೆ ಹಣ ಕಳೆದುಕೊಂಡರೇ? ಹಾಗೂ ಹೇಳಲಾಗದು. ಬಿಳಿ ಎಲ್‌ಇಡಿಯೊಳಗೆ ಇರುವುದು ನಿಜವಾಗಿ ನೀಲಿ ಬೆಳಕಿನ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪನದಿಂದ ಅದು ಬಿಳಿಯಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ 6000 ಅಥವಾ 6500 ಕೆಲ್ವಿನ್ ಎಂದು ಬರೆದಿದ್ದರೆ ಅದರಲ್ಲಿ ನೀಲಿಯ ಪಾಲು ಜಾಸ್ತಿ ಎಂದರ್ಥ. ಈ ನೀಲಿ ಪಾಲು ನಮ್ಮ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಮಂಜಿನಲ್ಲಿ ನಮ್ಮದೇ ದೀಪದ ಬೆಳಕು ಹನಿಗಳಿಗೆ ತಗುಲಿ ನಮ್ಮ ಮುಖಕ್ಕೇ ವಾಪಸ್ ಬರುವುದರಿಂದ, 3000 ಕೆಲ್ವಿನ್‌ನ ಹಳದಿ ದೀಪ ಹಾಕಿದಾಗ ಕಣ್ಣಿಗೆ ಹಿತವೆನಿಸುತ್ತದೆ. ಎದುರಿನವರಿಗೂ ಚುಚ್ಚುವುದು ಕಡಿಮೆ. ಫ್ರಾನ್ಸ್ ದೇಶದಲ್ಲಂತೂ 1930ರ ದಶಕದಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು. ಬಿಳಿ ದೀಪದ ಮೇಲೆಯೇ ಹಳದಿ ಪ್ಲಾಸ್ಟಿಕ್ ಹಾಳೆ ಅಂಟಿಸುವವರು ಒಂದು ಸಂಗತಿ ನೆನಪಿಡಬೇಕು: ಹಾಳೆ ಬೆಳಕನ್ನು ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ.

ಬಣ್ಣಕ್ಕಿಂತ ಮುಖ್ಯವಾದದ್ದು ದೀಪ ಇರುವ ಜಾಗ ಮತ್ತು ಅದರ ಕೋನ. ಹ್ಯಾಂಡಲ್ ಮೇಲೆ, ಕಣ್ಣಿಗೆ ಹತ್ತಿರವಾಗಿ ಕೂರಿಸಿದರೆ ಎದುರಿಗೆ ಬಿಳಿ ಪರದೆ ಎದ್ದು ನಿಲ್ಲುತ್ತದೆ. ಹೈ ಬೀಮ್ ಹಾಕಿದರೂ ಅದೇ ಕಥೆ. ಹೆಡ್‌ಲೈಟ್‌ಗಿಂತ ಕೆಳಗೆ, ಕ್ರಾಶ್ ಗಾರ್ಡ್ ಮೇಲೆ ಕೂರಿಸಿ, ಬೆಳಕು ಅಗಲವಾಗಿ ನೆಲದ ಕಡೆ ಬೀಳುವಂತೆ ತಿರುಗಿಸಿದರೆ ರಸ್ತೆಯ ಅಂಚು, ಗುಂಡಿಗಳು ಕಾಣುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದನ್ನೇ ಅಳತೆ ಕೊಟ್ಟು ಹೇಳುತ್ತದೆ: ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. ಮನೆಯ ಗೋಡೆಯ ಮುಂದೆ 8 ಮೀಟರ್ ಅಳೆದು ಬೈಕ್ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ನೀವೇ ಪರೀಕ್ಷಿಸಬಹುದು.

ಕಾನೂನಿನ ವಿಷಯ ಬಂದಾಗ ನಮ್ಮ ಲೆಕ್ಕಶಾಸ್ತ್ರವೂ ಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಗಾಡಿಯನ್ನು ಮಾರ್ಪಡಿಸಿದರೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಿಂದ ವಿಶೇಷವಾಗಿ ಪ್ರಕರಣ ದಾಖಲಿಸತೊಡಗಿದರು. ಅಂಗಡಿಯವರು ದೀಪ ಮಾರುವಾಗ ಇದನ್ನೆಲ್ಲ ಹೇಳುವುದಿಲ್ಲ. ವೈರಿಂಗ್ ಬಗ್ಗೆಯೂ ಅಷ್ಟೇ. ನೂರು ಸಿಸಿ ಬೈಕಿನ ಹೆಡ್‌ಲೈಟ್ ಸಾಮಾನ್ಯವಾಗಿ 35 ವ್ಯಾಟ್. 20 ವ್ಯಾಟ್‌ನ ಎರಡು ದೀಪ ಸೇರಿಸಿದರೆ 40 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 3.3 ಆಂಪಿಯರ್ ಹೆಚ್ಚುವರಿ ಹೊರೆ. ರಿಲೇ, ಫ್ಯೂಸ್ ಇಲ್ಲದೆ ಹಳೆಯ ವೈರಿಗೇ ಜೋಡಿಸಿದರೆ ವೈರ್ ಬಿಸಿಯಾಗಿ ಕರಗುವ ಅಪಾಯವಿದೆ.

ಇನ್ನು ವೇಗ. ನಮ್ಮ ಅಬ್ಬಾ ತರಕಾರಿ ವ್ಯಾಪಾರಕ್ಕೆಂದು ಬೆಳಗಿನ ಜಾವ ಬೈಕಿನಲ್ಲಿ ಹೋಗುವುದರಿಂದ ಮನೆಯಲ್ಲಿ ಈ ಲೆಕ್ಕ ಹಾಕಿ ತೋರಿಸಿದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಅಡ್ಡ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಒದ್ದೆ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ವೇಗ ಇಳಿಯುತ್ತದೆ ಎಂದುಕೊಂಡರೆ ನಿಲ್ಲಲು ಇನ್ನೂ 28 ಮೀಟರ್ ಬೇಕು, ಒಟ್ಟು 53. ಗಂಟೆಗೆ 40ರ ವೇಗದಲ್ಲಾದರೆ ಒಟ್ಟು 29 ಮೀಟರ್ ಸಾಕು. ಮಂಜಿನಲ್ಲಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ ಯಾವ ಬಣ್ಣದ ದೀಪವೂ 60ರ ವೇಗವನ್ನು ಉಳಿಸಿಕೊಡಲಾರದು. 30 ಕಿ.ಮೀ. ದಾರಿಯಲ್ಲಿ ನಿಧಾನವಾಗಿ ಹೋದದ್ದಕ್ಕೆ ಬೀಳುವ ಖರ್ಚು ಹದಿನೈದು ನಿಮಿಷ.

ಆ 30 ಮೀಟರ್‌ನಲ್ಲಿ ಸಿಗುವುದು ಏನು ಎಂಬುದೂ ಇದೆ. ಕಬ್ಬಿನ ಕಟಾವಿನ ಕಾಲದಲ್ಲಿ ಅಳಗಂಚಿಯ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಟ್ರ್ಯಾಕ್ಟರ್‌ಗಳ ಹಿಂದೆ ಕಬ್ಬು ಜೋತುಬಿದ್ದು, ಟ್ರೇಲರ್‌ನ ಕೆಂಪು ರಿಫ್ಲೆಕ್ಟರ್ ಮುಚ್ಚಿಹೋಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬೈಕಿನ ಹಿಂದೆ ಕಟ್ಟುವ ತರಕಾರಿ ಕ್ರೇಟ್‌ಗಳೂ ಟೈಲ್ ಲ್ಯಾಂಪನ್ನು ಹೀಗೆಯೇ ಮರೆಮಾಡುತ್ತವೆ. ಹಳದಿ ದೀಪಕ್ಕೆ ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಕೆಂಪು ರಿಫ್ಲೆಕ್ಟಿವ್ ಟೇಪಿಗೆ ಖರ್ಚು ಮಾಡಿ ಕ್ರೇಟಿನ ಹಿಂಭಾಗಕ್ಕೆ ಅಂಟಿಸಬಹುದು. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿದರೆ ಸಾಕು.