ಸಂಪ್ರಬಂಧಕ್ಕೆ ಪತ್ರಿಕೆಯ ಸಾಕ್ಷ್ಯ

ಎಷ್ಟೋ ಸಂಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ‘ಪತ್ರಿಕಾ ವರದಿ’ ಎಂದಷ್ಟೇ ಇರುತ್ತದೆ. ಯಾವ ಪತ್ರಿಕೆ, ಯಾವ ದಿನ, ಎಷ್ಟನೇ ಪುಟ? ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ವಿದ್ಯಾರ್ಥಿ ತಲೆ ತಗ್ಗಿಸುತ್ತಾನೆ. ಪತ್ರಿಕೆ ಗಟ್ಟಿ ಆಕರವೇ, ಆದರೆ ಬಳಸುವ ಕ್ರಮ ಗೊತ್ತಿರಬೇಕು.

ಪತ್ರಿಕೆಯನ್ನು ಏನು ಕೇಳಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಿ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಯನ್ನೇ ತೆಗೆದುಕೊಳ್ಳಿ. 1981ರಲ್ಲಿ ಗೋಕಾಕ್ ಸಮಿತಿ ಏನು ಶಿಫಾರಸು ಮಾಡಿತು ಎಂಬುದಕ್ಕೆ ಮೂಲ ವರದಿಯನ್ನೇ ಓದಬೇಕು, ಸುದ್ದಿಯ ಸಾರಾಂಶ ಸಾಲದು. ಆದರೆ 1982ರಲ್ಲಿ ನಟ ರಾಜ್‌ಕುಮಾರ್ ಚಳವಳಿಗೆ ಇಳಿದ ಮೇಲೆ ಸಣ್ಣ ಊರುಗಳ ಸಭೆಗಳಲ್ಲಿ ಯಾರು ಏನು ಮಾತಾಡಿದರು, ಓದುಗರು ಸಂಪಾದಕರಿಗೆ ಏನು ಬರೆದರು? ಅದಕ್ಕೆ ಪತ್ರಿಕೆಯ ಹಳೆಯ ಕಡತವೇ ಗತಿ.

ಎರಡನೆಯದು ದಿನಾಂಕ. ತಪ್ಪು ಹೆಚ್ಚಾಗುವುದು ಇಲ್ಲೇ. ಸುದ್ದಿಯ ಆರಂಭದಲ್ಲಿ ‘ಹುಬ್ಬಳ್ಳಿ, ಏ. 17’ ಎಂದಿದ್ದರೆ ಅದು ಸುದ್ದಿ ಕಳಿಸಿದ ದಿನ. ಬೆಳಗಿನ ಪತ್ರಿಕೆಯಾದರೆ ಸಂಚಿಕೆ ಸಾಮಾನ್ಯವಾಗಿ 18ರದು. ಒಳಗೆ ‘ನಿನ್ನೆ ಸಭೆ ನಡೆಯಿತು’ ಎಂದಿದ್ದರೆ ಸಭೆ 16ರಂದು. ಅಡಿಟಿಪ್ಪಣಿಗೆ 18, ನಿಮ್ಮ ಬರಹಕ್ಕೆ 16.

ಆಮೇಲೆ ಬರಹದ ಜಾತಿ ನೋಡಿ. ವರದಿ ಬೇರೆ, ಸಂಪಾದಕೀಯ ಬೇರೆ, ಅಂಕಣ ಬೇರೆ. ಸುದ್ದಿಯ ವೇಷದ ಜಾಹೀರಾತೂ ಇರುತ್ತದೆ, ಮೂಲೆಯ ಸಣ್ಣಕ್ಷರ ಓದಿ.

ಒಂದೇ ಪತ್ರಿಕೆಯನ್ನು ನೆಚ್ಚಬೇಡಿ. ಎರಡು ಪತ್ರಿಕೆಗಳು ಒಂದೇ ಮಾತು ಹೇಳಿ, ಎರಡರಲ್ಲೂ ಸುದ್ದಿಸಂಸ್ಥೆ ‘ಪಿಟಿಐ’ಯ ಹೆಸರಿದ್ದರೆ ಸಾಕ್ಷಿ ಇಬ್ಬರಲ್ಲ, ಒಬ್ಬರೇ. ಜನ ಎಷ್ಟು ಸೇರಿದ್ದರು ಎಂಬ ಸಂಖ್ಯೆ ಸಂಘಟಕರದೋ ಪೊಲೀಸರದೋ ಎಂದೂ ಬರೆಯಿರಿ. ಪತ್ರಿಕೆಯ ಮೌನವನ್ನೂ ಹಾಗೇ ನಂಬಬೇಡಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಲಾಯಿತು. ಆ ಕಾಲದ ಸಂಚಿಕೆಯಲ್ಲಿ ಸುದ್ದಿ ಇಲ್ಲವೆಂದ ಮಾತ್ರಕ್ಕೆ ಘಟನೆಯೇ ನಡೆದಿಲ್ಲ ಎನ್ನುವಂತಿಲ್ಲ.

ಕೊನೆಗೆ ದಾಖಲೆ: ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ, ತಲೆಬರಹ, ಕೊಟ್ಟಿದ್ದರೆ ವರದಿಗಾರರ ಹೆಸರು. ಆವೃತ್ತಿಯನ್ನು ಬಿಡಬೇಡಿ. ಬೆಂಗಳೂರಿನ ಮುಖಪುಟದಲ್ಲಿದ್ದ ಸುದ್ದಿ ಹುಬ್ಬಳ್ಳಿಯಲ್ಲಿ ಒಳಪುಟಕ್ಕೆ ಹೋಗಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ, ದಿನಾಂಕವಿಲ್ಲದ ತುಣುಕನ್ನು ಮೂಲ ಸಂಚಿಕೆ ಸಿಗುವ ತನಕ ಮುಟ್ಟಬೇಡಿ. ಗ್ರಂಥಾಲಯದಲ್ಲಿ ಫೋಟೊ ತೆಗೆಯುವಾಗ ಸುದ್ದಿಯನ್ನಷ್ಟೇ ಅಲ್ಲ, ಹೆಸರು, ದಿನಾಂಕವಿರುವ ಪುಟದ ನೆತ್ತಿಯನ್ನೂ ಸೇರಿಸಿಕೊಳ್ಳಿ.